ಮೂರನೆಯ ನಂಬರು

ಭೀಮರಾಜನ ನಂಬರನ್ನು ಮೇಘಶ್ರೀ ಫೋನಿನಿಂದ ಅಳಿಸಿ ಹನ್ನೊಂದು ತಿಂಗಳಾಗಿತ್ತು. ಅಳಿಸಿದ್ದು ಫೋನಿನಿಂದ ಮಾತ್ರ ಎನ್ನುವುದು ಆ ಭಾನುವಾರ ಬೆಳಿಗ್ಗೆ ಗೊತ್ತಾಯಿತು. ಹೆತ್ತವರ ನಂಬರೂ ಬಾಯಿಗೆ ಬಾರದ ಈ ಕಾಲದಲ್ಲಿ, ಅವಳ ಹೆಬ್ಬೆರಳು ಹತ್ತು ಅಂಕಿಯನ್ನೂ ಒಂದೇ ಉಸಿರಿಗೆ ಒತ್ತಿತು.

“ಹೇಳಿ ಮೇಡಂ,” ಎಂದಿತು ಆ ಕಡೆಯ ದನಿ.

ಒಂದು ವರ್ಷ ‘ಮೇಘಾ’ ಎಂದು ಕರೆದ ಬಾಯಿ. ಹನ್ನೊಂದು ತಿಂಗಳ ಮುನಿಸನ್ನೆಲ್ಲ ಅವನು ಆ ಒಂದು ಪದದಲ್ಲೇ ಮಡಚಿಟ್ಟಿದ್ದ.

“ಅಜ್ಜಿ ಊಟ ಬಿಟ್ಟು ಇದು ಮೂರನೇ ದಿನ. ತಿಜೋರಿ ತೆಗೀಬೇಕು. ಬರ್ತೀರಾ?”

ಅವನು ಯಾಕೆ, ಏನು ಎಂದು ಕೇಳಲಿಲ್ಲ. ಬಾಗಿಲಿಗೆ ಯಾರೂ ಬೆಂಕಿ ತೋರಿಸದಂತೆ ನೋಡಿಕೊಳ್ಳಿ, ಹಗರೆಯ ಮನೆಯಿಂದ ಈಗಲೇ ಹೊರಟೆ ಎಂದಷ್ಟೇ ಹೇಳಿದ.

ನಡೆದದ್ದು ಇಷ್ಟು. ಅವಳ ಅಪ್ಪ ಷಡಕ್ಷರಪ್ಪನವರು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ. ಮುಚ್ಚಿಹೋದ ಯಾವುದೋ ಫೈನಾನ್ಸ್ ಕಂಪನಿಯ ಹರಾಜಿನಲ್ಲಿ ಅವರೊಂದು ಹಳೆಯ ಕಾಂಬಿನೇಶನ್ ತಿಜೋರಿ ಹಿಡಿದಿದ್ದರು. ಆರು ಜನ ಹಮಾಲರು ಹೊತ್ತು ತಂದು ನಡುಮನೆಯಲ್ಲಿ ಇಳಿಸಿದ ಆ ಕಬ್ಬಿಣದ ಆನೆಗೆ ಬೀಗದ ಕೈ ಇಲ್ಲ. ಅಂಕಿ ಕೊರೆದ ಒಂದು ಬಿಲ್ಲೆ. ಮೂರು ನಂಬರು ಸರಿಯಾಗಿ ತಿರುಗಿಸಿದರೆ ಬಾಗಿಲು ತೆರೆಯುತ್ತದೆ. ಹಳೆಯ ನಂಬರು ತೆಗೆದು ಹೊಸದು ಕೂರಿಸುವ ಕೆಲಸ ಮಗಳ ಪಾಲಿಗೆ ಬಂತು. ಬೇಲೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಜೊತೆಗಿದ್ದ ಇಂಗ್ಲಿಷ್ ಚೀಟಿ ಓದಬಲ್ಲಳು.

ಅದೇ ಶುಕ್ರವಾರ ಅಜ್ಜಿ ಕಾಂತಮ್ಮನವರನ್ನು ಹಾಸನಕ್ಕೆ ಸ್ಕ್ಯಾನಿಂಗಿಗೆ ಕರೆದೊಯ್ಯಬೇಕಿತ್ತು. ಮೈಮೇಲೆ ಲೋಹ ಇರಕೂಡದು. ಎಪ್ಪತ್ತು ವರ್ಷ ಎದೆಯಿಂದ ಇಳಿಯದ ಬೆಳ್ಳಿ ಕರಡಿಗೆಯನ್ನು, ಒಳಗಿನ ಇಷ್ಟಲಿಂಗದ ಸಮೇತ, ಮೊಮ್ಮಗಳ ಅಂಗೈಗಿಟ್ಟು ಜೋಪಾನ ಎಂದಿದ್ದರು. ಮನೆಯಲ್ಲಿ ತಿಜೋರಿಗಿಂತ ಜೋಪಾನದ ಜಾಗ ಇನ್ನೆಲ್ಲಿ? ಶರಣರಿಗೆ ರಾಹುವೂ ಇಲ್ಲ ಕೇತುವೂ ಇಲ್ಲ ಎಂಬ ಉಪನ್ಯಾಸಕ್ಕೆ ಮಠದಲ್ಲಿ ತಲೆದೂಗಿ ಬರುವ ಷಡಕ್ಷರಪ್ಪನವರು, ಹತ್ತು ಇಪ್ಪತ್ತೆಂಟಕ್ಕೆ ಗಡಿಯಾರ ನೋಡಿ, ಹತ್ತೂವರೆಗೆ ರಾಹುಕಾಲ, ಬೇಗ ಬಾಗಿಲು ಹಾಕು ಎಂದು ಅವಸರಿಸಿದರು. ಅವಳು ಹಾಕಿದಳು. ಹಾಸನದಿಂದ ವಾಪಸು ಬಂದಾಗ ಅದು ತೆರೆಯಲಿಲ್ಲ.

ಲಿಂಗಪೂಜೆಯಾಗದೆ ಕಾಂತಮ್ಮನವರು ಹನಿ ನೀರೂ ಮುಟ್ಟುವವರಲ್ಲ. ಬೇರೆ ಲಿಂಗ ಕೊಡುತ್ತೇವೆಂದು ಮಠದಿಂದ ಹೇಳಿ ಕಳಿಸಿದರೆ, ಈ ವಯಸ್ಸಿನಲ್ಲಿ ಹೊಸ ಸಂಬಂಧ ಬೇಡ ಎಂದುಬಿಟ್ಟರು. ಡ್ರಿಪ್ ಹಾಕಲು ಬಂದ ನರ್ಸನ್ನು ಕಣ್ಣಲ್ಲೇ ಹೊರಗೆ ಕಳಿಸಿದರು. ಗ್ಯಾಸ್ ಕಟರಿನವನನ್ನು ಕರೆಸಿದರೆ, ಕಾವಿಗೆ ಲಿಂಗದ ಮೇಲಿನ ಕಪ್ಪು ಲೇಪ ಕರಗುತ್ತದೆಂದು ಅವನನ್ನೂ ತಡೆದರು. ಇವತ್ತು ಸಂಜೆಯೊಳಗೆ ನೀರು ಹೋಗದಿದ್ದರೆ ಕಿಡ್ನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಹೋಗಿದ್ದರು.

ಮಲಗಿದ್ದ ಅಜ್ಜಿಯ ಕೈ ಆಗಾಗ ಎದೆಯನ್ನು ತಡವುತ್ತಿತ್ತು. ಅಲ್ಲಿ ಏನೂ ಸಿಗದೆ ಹಾಸಿಗೆಗೆ ಬೀಳುತ್ತಿತ್ತು. ನೋಡಲಾರದೆ ಮೇಘಶ್ರೀ ಅದನ್ನೇ ನೋಡುತ್ತ ಕೂತಿದ್ದಳು.

ಅವಳಿಗೆ ಇನ್ನೊಂದು ಸಂಕಟವೂ ಇತ್ತು. ಏನು ನಂಬರು ಇಟ್ಟೆ ಎಂದು ಅಪ್ಪ ಕೇಳಿದಾಗ ಐದು, ಆರು, ಎಂಟು ಎಂದಿದ್ದಳು. ಪಂಚಾಚಾರ, ಷಟ್‌ಸ್ಥಲ, ಅಷ್ಟಾವರಣ! ಅಪ್ಪ ಪುಳಕಗೊಂಡು ಎರಡು ದಿನದಿಂದ ವಿಭೂತಿ ಹಚ್ಚಿಕೊಂಡು ಅದನ್ನೇ ತಿರುಗಿಸುತ್ತಿದ್ದರು. ಅವರು ಅತ್ತ ಹೋದಾಗಲೆಲ್ಲ ಇವಳು ನಿಜವಾದ ನಂಬರನ್ನು ತಿರುಗಿಸುತ್ತಿದ್ದಳು. ತಿಜೋರಿ ಸುಳ್ಳಿಗೂ ತೆರೆಯಲಿಲ್ಲ, ನಿಜಕ್ಕೂ ತೆರೆಯಲಿಲ್ಲ.

ಹನ್ನೊಂದೂವರೆಗೆ ಬೈಕಿನ ಸದ್ದಾಯಿತು. ಹಳೇಬೀಡು, ಜಾವಗಲ್ ರಸ್ತೆಯ ಧೂಳನ್ನೆಲ್ಲ ಹುಬ್ಬಿಗೆ ಹಚ್ಚಿಕೊಂಡು ಭೀಮರಾಜ ಬಂದು ನಿಂತ. ಬ್ಯಾಂಕ್ ಲಾಕರುಗಳನ್ನು ರಿಪೇರಿ ಮಾಡುವ ಕಂಪನಿಯ ಟೆಕ್ನಿಷಿಯನ್. ಎರಡು ವರ್ಷದ ಹಿಂದೆ ಅವಳ ಬ್ಯಾಂಕಿನ ಲಾಕರಿಗೆ ಕಿವಿ ಹಚ್ಚಿ ಕೂತವನು, “ಮೇಡಂ, ನಿಮ್ಮ ಬಳೆಗಳಿಗೆ ಸ್ವಲ್ಪ ಸುಮ್ನಿರೋಕೆ ಹೇಳಿ,” ಎಂದಿದ್ದ. ಅಲ್ಲಿಂದ ಶುರು. ಹಳೇಬೀಡಿನ ಕೆರೆ ಏರಿಯ ಮೇಲೆ, ಒಂದು ಪೊಟ್ಟಣ ಕಡಲೆಕಾಯಿ ಮುಗಿಯುವಷ್ಟರಲ್ಲಿ, ಮದುವೆಯಾಗೋಣವೇ ಎಂದು ಕೇಳಿದ್ದ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದವಳು ಕೇಳಲಿಲ್ಲ. ಕೇಳಲಿಲ್ಲವೆಂದು ಹೇಳುವ ಧೈರ್ಯವೂ ಸಾಲದೆ ನಂಬರು ಅಳಿಸಿದಳು.

ಈಗ ಅವನು ತಿಜೋರಿಯ ಮುಂದೆ ಮಂಡಿಯೂರಿದ. ಯಾರೂ ಹೇಳದೆಯೇ ಅವಳ ಎಡಗೈ ಬಲಗೈಯ ಬಳೆಗಳನ್ನು ಹಿಡಿದುಕೊಂಡಿತು. ಅವನದನ್ನು ಗಮನಿಸಿದ. ಗಮನಿಸಿಲ್ಲವೆಂಬಂತೆ ಟಾರ್ಚ್ ಹಚ್ಚಿದ.

ಷಡಕ್ಷರಪ್ಪನವರು ಮುಂದೆ ಬಂದು ಐದು, ಆರು, ಎಂಟನ್ನು ಅರ್ಥಸಹಿತ ವಿವರಿಸಿದರು. ಭೀಮರಾಜ ಕೊನೆಯವರೆಗೂ ಕೇಳಿ, ಅವಳ ಕಡೆ ತಿರುಗಿದ.

“ಈ ಬೀಗಕ್ಕೆ ಕೊನೇ ನಂಬರ್ ಇಪ್ಪತ್ತರೊಳಗೆ ಇಡಬಾರದು ಅಂತ ಚೀಟೀಲೇ ಇದೆ. ನೀವು ಚೀಟಿ ಓದದೆ ಬೀಗ ಮುಟ್ಟೋರಲ್ಲ ಮೇಡಂ.”

ಅವಳು ನೆಲ ನೋಡಿದಳು. ಹೇಗೆ ಕೂರಿಸಿದಿರಿ, ತೋರಿಸಿ ಎಂದ. ಒಂದೊಂದು ನಂಬರನ್ನೂ ಮೇಲಿನ ಗೀಟಿನ ನೇರಕ್ಕೆ ತಂದು ಕೂರಿಸಿದ್ದನ್ನು ತೋರಿಸಿದಳು. ತಪ್ಪು ಅಲ್ಲೇ ಇತ್ತು. ಎಡಗಡೆ ಇನ್ನೊಂದು ಸಣ್ಣ ಗೀಟಿದೆ. ಹೊಸ ನಂಬರು ಕೂರಿಸುವಾಗ ಅದರ ನೇರಕ್ಕೆ ತರಬೇಕು, ತೆರೆಯುವಾಗ ಮಾತ್ರ ಮೇಲಿನದಕ್ಕೆ. ಹಾಗಾಗಿ ಅವಳ ಮೂರೂ ನಂಬರುಗಳು ಒಂಬತ್ತೊಂಬತ್ತು ಮನೆ ಹಿಂದೆ ಸರಿದು ಕೂತಿದ್ದವು. ಬಾಗಿಲು ತೆರೆದಿಟ್ಟೇ ಒಮ್ಮೆ ತಿರುಗಿಸಿ ನೋಡಿದ್ದರೆ ಆಗಲೇ ತಿಳಿಯುತ್ತಿತ್ತು. ರಾಹುಕಾಲ ಬಿಡಲಿಲ್ಲ.

“ನಿಜವಾದ ನಂಬರ್ ಹೇಳಿದ್ರೆ ಈಗ್ಲೇ ತೆಗೀತೀನಿ. ಇಲ್ಲಾಂದ್ರೆ ಡ್ರಿಲ್ ಮಾಡ್ಬೇಕು. ನಾಳೆ ಸಂಜೆ ಆಗುತ್ತೆ.”

ನಾಳೆ ಸಂಜೆ. ಒಳಗಿನಿಂದ ಅಜ್ಜಿಯ ಒಣಗಂಟಲಿನ ಕೆಮ್ಮು ಕೇಳಿಸಿತು.

“ನಲವತ್ತೇಳು,” ಎಂದಳು ಮೇಘಶ್ರೀ.

ಪಂಚಾಚಾರ ಏನಾಯಿತೆಂದು ಕೇಳಲು ಅಪ್ಪ ಬಾಯಿ ತೆರೆದರು, ಮುಚ್ಚಿದರು. ಭೀಮರಾಜ ಒಂಬತ್ತು ಕಳೆದು ತಿರುಗಿಸಿದ.

“ಎಂಬತ್ಮೂರು.”

ಬಿಲ್ಲೆಯ ಮೇಲಿನ ಬೆರಳು ನಿಂತಿತು. ಅವನು ತಿರುಗಿ ನೋಡಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಾಗುತ್ತ ಬಂತು. ಒಮ್ಮೆ ಉಸಿರು ಎಳೆದುಕೊಂಡ. ಆಮೇಲೆ ಬೆರಳು ಮತ್ತೆ ಚಲಿಸಿತು, ಮಲಗಿದವರನ್ನು ಎಬ್ಬಿಸಬಾರದು ಎಂಬಷ್ಟು ಮೆಲ್ಲಗೆ. ಒಳಗೆಲ್ಲೋ ಏನೋ ಬಿದ್ದ ಸದ್ದು. ಹಿಡಿ ಇಳಿಯಿತು. ಬಾಗಿಲು ತೆರೆಯಿತು.

ಕರಡಿಗೆ ಅಲ್ಲೇ ಇತ್ತು. ಮೇಘಶ್ರೀ ಗೋಡೆಗೆ ಒರಗಿ ಅತ್ತಳು. ಆದರೆ ರಾಶಿ ಕೊಬ್ಬರಿಯಲ್ಲಿ ಒಂದು ಕಡಿಮೆಯಿದ್ದರೂ ಕಣ್ಣಳತೆಯಲ್ಲೇ ಹಿಡಿಯುವ ಷಡಕ್ಷರಪ್ಪನವರಿಗೆ ಬೇರೊಂದು ಕಾಣಿಸಿತ್ತು.

“ಇವಳು ಎರಡೇ ಹೇಳಿದ್ದು ಕಣ್ರೀ. ಮೂರನೇದು ನಿಮಗೆ ಹೆಂಗ್ ಗೊತ್ತಾಯ್ತು?”

ಭೀಮರಾಜ ಟಾರ್ಚ್ ಆರಿಸಿ ಜೇಬಿಗಿಟ್ಟ. ಅವನ ಪರವಾಗಿ ಮೇಘಶ್ರೀ ಸುಳ್ಳು ಹೇಳಬಹುದಿತ್ತು. ಈ ಮೂರು ದಿನದಲ್ಲಿ ಅವಳಿಗೆ ಅಭ್ಯಾಸವೂ ಆಗಿತ್ತು.

“ಅದು ಅವರ ಫೋನ್ ನಂಬರಪ್ಪಾ. ಕೊನೇ ಆರಂಕಿ,” ಎಂದಳು. “ಹೋದ ವರ್ಷ ಇವರು ನನ್ನ ಮದುವೆ ಆಗ್ತೀನಿ ಅಂದ್ರು. ನಿಮ್ಮನ್ನ ಕೇಳ್ಬೇಕಿತ್ತು, ಹೆದರಿ ಕೇಳ್ಲಿಲ್ಲ. ಈಗ ಕೇಳ್ತಿದೀನಿ.”

ಷಡಕ್ಷರಪ್ಪನವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಾರ ಮಗ ಎಂದರು.

“ಹಗರೆ ಹೊನ್ನಯ್ಯನವರ ಮಗ ಸಾರ್. ನಾವು ಬೌದ್ಧರು.”

ಮುಂದಿನ ಪ್ರಶ್ನೆ ಎಲ್ಲರಿಗೂ ಗೊತ್ತಿತ್ತು, ಅದರ ಉತ್ತರವೂ ಗೊತ್ತಿತ್ತು. ಆದ್ದರಿಂದ ಯಾರೂ ಕೇಳಲಿಲ್ಲ. ಭೀಮರಾಜ ತಾನಾಗಿಯೇ ತಿಜೋರಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿದ. ಆ ಎರಡು ಹೆಜ್ಜೆ ಮೇಘಶ್ರೀಯ ಎದೆಯ ಮೇಲೇ ಬಿದ್ದವು.

“ಷಡಕ್ಷರಿ,” ಎಂದಿತು ಒಳಗಿನಿಂದ ಬತ್ತಿದ ದನಿ. “ಜಗಳ ಆಮ್ಯಾಲೆ ಆಡೀಯಂತೆ. ಬಾಗ್ಲು ತಗುದೋರ ಕೈಲೇ ತರ್ಸು.”

ಅವನು ಕೈಕಾಲು ತೊಳೆದು ಬಂದು, ಎರಡೂ ಅಂಗೈಯಲ್ಲಿ ಕರಡಿಗೆಯನ್ನು ಹಿಡಿದು ಮಂಚದ ಬಳಿ ಬಾಗಿದ. ಅಜ್ಜಿಯ ಕೈ ಕರಡಿಗೆಯನ್ನೂ ಅವನ ಬೆರಳುಗಳನ್ನೂ ಸೇರಿಸಿಯೇ ಹಿಡಿಯಿತು.

“ಮದ್ಲು ಗುರುಗಳು ಕೊಟ್ರು. ಈಗ ನೀನು ಕೊಟ್ಟೆ. ಲಿಂಗ ಕೊಟ್ಟೋರ ಕುಲ ಕೇಳಾಕೆ ನಂಗೆ ಬಾಯಿಲ್ಲ ಕಣಪ್ಪ.”

ಪೂಜೆಗೆ ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಇಬ್ಬರೂ ಪಡಸಾಲೆಯ ಕಂಬದ ಆಚೆ ಈಚೆ ನಿಂತಿದ್ದರು.

“ನನ್ನ ನಂಬರ್ ಅಳಿಸಿಬಿಟ್ಟಿದ್ದೀರ ಅಂದ್ಕೊಂಡಿದ್ದೆ ಮೇಡಂ.”

“ಅಳಿಸಿದ್ದೆ. ಮರ್ತೋಗಿಬಿಟ್ರೆ ಅಂತ ಭಯ ಆಯ್ತು. ಅದಕ್ಕೇ ತಿಜೋರಿಗಿಟ್ಟೆ.”

ಅವನು ಅಂಗಳದ ಕಡೆ ಮುಖ ತಿರುಗಿಸಿದ. ನಗು ತಡೆದ ತುಟಿ ಒಂದು ಕಡೆ ಸೊಟ್ಟಗಾಯಿತು. “ನಿಂಗೆ ಬೀಗ ಹಾಕೋಕೇ ಬರಲ್ಲ, ಮೇಘಾ.”

ಗಂಜಿಯ ಬಟ್ಟಲನ್ನು ಷಡಕ್ಷರಪ್ಪನವರೇ ತಂದು ತಾಯಿಯ ಮುಂದೆ ಹಿಡಿದರು. ಕಾಂತಮ್ಮನವರು ಮೊದಲ ಚಮಚ ನುಂಗಿದ್ದನ್ನು ನೋಡಿ ಬಟ್ಟಲನ್ನು ಅವರ ಮಡಿಲಿಗಿಟ್ಟರು. ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದರು.

“ನಿಮ್ಮನೇಲಿ ಗೊತ್ತೇನ್ರೀ?”

“ಒಂದು ವರ್ಷದಿಂದ ಗೊತ್ತು ಸಾರ್.”

“ನಮ್ಮನೇಲಿ ಈಗ ಗೊತ್ತಾಗ್ತಾ ಐತೆ. ಯೋಚ್ನೆ ಮಾಡಾಕೆ ನಮಗೂ ಟೈಮ್ ಬೇಕಲ್ಲ.”

“ಎಷ್ಟಪ್ಪಾ?” ಎಂದಳು ಮೇಘಶ್ರೀ.

ಅವರು ಮಗಳನ್ನು ನೋಡಿದರು, ಅವನನ್ನು ನೋಡಿದರು. ಆಮೇಲೆ ತಾಯಿಯ ಕಡೆ ಕೈ ತೋರಿಸಿದರು.

“ಅವ್ವ ಗಂಜಿ ಮುಗಿಸ್ಲಿ ತಡಿ. ಹೇಳ್ತೀನಿ.”

ಕಾಂತಮ್ಮನವರು ಚಮಚವನ್ನು ಪಕ್ಕಕ್ಕಿಟ್ಟು, ಎರಡೂ ಕೈಗಳಲ್ಲಿ ಬಟ್ಟಲನ್ನೇ ಎತ್ತಿ ಬಾಯಿಗೆ ಹಚ್ಚಿದರು.