ಕಿವಿಗುರುತು

"ಈ ಕ್ವಾಣಿ ಬಾಗ್ಲ ಒಂದು ತೆಗೀಬ್ಯಾಡ್ರಿ ಯಪ್ಪಾ," ಎಂದಳು ಬೂದೆಮ್ಮ. "ಉಳಿದ ಮನಿ ಎಲ್ಲಾ ನೀವು ಬಳಸ್ರಿ. ಒಳಗಿನವು ನಮ್ಮವು. ಎಲ್ಲಕ್ಕೂ ಕಿವಿಗುರ್ತು ಹಾಕೀವಿ."

ವಿರೂಪಣ್ಣ ನಕ್ಕುಬಿಟ್ಟ. "ಕುರಿಗೆ ಕಿವಿ ಇರ್ತಾವ, ಖರೆ. ನಿಮ್ಮ ಗಡಿಗಿ, ತೊಟ್ಲಕ್ಕೂ ಕಿವಿ ಮೂಡ್ಯಾವೇನು?"

ಬೂದೆಮ್ಮ ನಗಲಿಲ್ಲ. "ಗುರ್ತು ಮುಚ್ಚಿದ್ರ ಅದು ಸಾಯಂಗಿಲ್ಲ. ಇನ್ನೊಂದು ಕಿವಿ ಹುಡುಕ್ತದ," ಎಂದು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಡ ಮಾಳಿಂಗಪ್ಪನ ಹಿಂದೆ ನಡೆದಳು. ಮುನ್ನೂರು ಕುರಿಗಳ ಧೂಳು ಅವರಿಬ್ಬರನ್ನೂ ನುಂಗಿತು.

ಅದು ೧೯೮೧ರ ಚಳಿಗಾಲ. ಭತ್ತದ ಕೊಯ್ಲು ಮುಗಿದೊಡನೆ ದೇವದುರ್ಗದ ಆ ಓಣಿಯ ಕುರುಬರು ಹಿಂಡು ಹೊಡೆದುಕೊಂಡು ಮಾನ್ವಿಯ ಕಾಲುವೆ ಸೀಮೆಗೆ ಹೋಗುತ್ತಿದ್ದರು. ಬರುವುದು ಯುಗಾದಿಗೆ. ಅಷ್ಟು ದಿನ ಮನೆ ಖಾಲಿ ಬೀಳಬಾರದೆಂದು ಹತ್ತಿ ಸುಗ್ಗಿಗೆ ಬಂದವರಿಗೆ ಬಾಡಿಗೆ ಕೊಟ್ಟು, ತಮ್ಮ ಬದುಕಿನ ಸಾಮಾನನ್ನೆಲ್ಲ ಒಂದು ಕೋಣೆಯಲ್ಲಿ ತುಂಬಿಟ್ಟು ಹೋಗುವುದು ರೂಢಿ. ಓಣಿಯಲ್ಲಿ ಉಳಿಯುತ್ತಿದ್ದದ್ದು ದೂರ ನಡೆಯಲಾರದ ಐದಾರು ಮುದಿ ನಾಯಿಗಳು ಮಾತ್ರ.

ವಿರೂಪಣ್ಣ ರಾಯಚೂರಿನ ಒಂದು ಗಿರಣಿಯ ಪರವಾಗಿ ಹತ್ತಿಯ ಎಳೆ ನೋಡಿ ದರ್ಜೆ ಹೇಳಲು ಬಂದವನು. ಬೆರಳ ತುದಿಗೆ ಸಿಕ್ಕಿದ್ದನ್ನು ಬಿಟ್ಟು ಬೇರೇನನ್ನೂ ನಂಬದವನು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿ ಬಂಡೆಮ್ಮ ರಾಯಚೂರಿನಲ್ಲಿ, ಕೋಟೆಯ ಹಿಂದಿನ ಓಣಿಯಲ್ಲಿ, ಒಬ್ಬಳೇ ಇದ್ದಳು. ಅವಳ ಮೇಲೆ ಅವನಿಗೆ ಎಲ್ಲಿಲ್ಲದ ಜೀವ. "ಚಳಿ ಭಾಳ ಅದ ರೀ, ಕಾಲು ಜೋಮು ಹಿಡೀತಾವ" ಎಂದು ಅವಳು ಬರೆದ ಕಾರ್ಡನ್ನು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ.

ಆ ಕಾರ್ಡು ಬಂದ ದಿನವೇ, ಕುರುಬರ ಮನೆಯಲ್ಲಿ ಕಂಬಳಿ ಇಲ್ಲದಿರುತ್ತದೆಯೇ ಎಂದುಕೊಂಡು, ಮಟಮಟ ಮಧ್ಯಾಹ್ನ, ಕೋಣೆಯ ಬೀಗಕ್ಕೆ ಕಲ್ಲು ಹಾಕಿದ.

ಚಾವಣಿಯಲ್ಲಿ ಬೆಳಕಿಂಡಿ ಇರದ ಕೋಣೆ. ಬಾಗಿಲು ತೆರೆದರೂ ಬಿಸಿಲು ಹೊಸ್ತಿಲು ದಾಟಲಿಲ್ಲ. ಹಸಿ ಉಣ್ಣೆ, ಕುರಿಹಿಕ್ಕೆ, ಕಮಟು ಎಣ್ಣೆ, ಅದರಡಿಯಲ್ಲಿ ಏನೋ ಸಿಹಿಯಾಗಿ ಕೊಳೆತ ವಾಸನೆ. ಕಡ್ಡಿ ಗೀರಿದ. ತೊಟ್ಟಿಲು, ಪೆಟ್ಟಿಗೆ, ತಾಮ್ರದ ಕೊಡ, ಮಡಿಚಿದ ಸೀರೆ, ಒಂದೊಂದರ ಅಂಚಿನಲ್ಲೂ ಎರಡು ಕಡೆಯಿಂದ ಓರೆಯಾಗಿ ಕತ್ತರಿಸಿದ ಕಚ್ಚು, ಹಕ್ಕಿ ಕೊಕ್ಕು ತೆರೆದ ಹಾಗೆ. ತೊಲೆಗೆ ನೂಲಿನಲ್ಲಿ ಪೋಣಿಸಿದ್ದ ಎರಡು ಕಪ್ಪು ಹೋಳುಗಳು ತೂಗುತ್ತಿದ್ದವು. ಒಣ ಬದನೆಕಾಯಿ ಇರಬೇಕೆಂದುಕೊಂಡ. ಮೂಲೆಯಲ್ಲಿ ಎರಡು ಕರಿ ಕಂಬಳಿ, ಹೊಚ್ಚ ಹೊಸವು. ಎರಡನ್ನೂ ಹೆಗಲಿಗೆ ಹಾಕಿಕೊಂಡ. ಕಡ್ಡಿ ಆರಿತು. ಕತ್ತಲೆಯಲ್ಲಿ ಯಾರೋ ಮೂಗಿನಿಂದ ಉಸಿರು ಬಿಟ್ಟಂತಾಯಿತು.

ಕಚ್ಚು ಬಿದ್ದ ಕಂಬಳಿಯನ್ನು ಹೆಂಡತಿಗೆ ಹೇಗೆ ಕಳಿಸುವುದು? ಬಜಾರಿನಲ್ಲಿ ಹರಿದ ಬಟ್ಟೆಗೆ ರಫೂ ಹಾಕುವ ಖಾಸಿಂ ಸಾಬನ ಅಂಗಡಿಗೆ ಹೋದ. ತಲೆಗೆ ಬಿಗಿಯಾಗಿ ಮಫ್ಲರ್ ಸುತ್ತಿದ್ದ ಮುದುಕ ಕಂಬಳಿಯ ಮೂಲೆ ನೋಡಿದವನೇ ಕೈ ಹಿಂದಕ್ಕೆಳೆದುಕೊಂಡ.

"ತೋಬಾ ತೋಬಾ! ಇದು ಮಾಳಿಂಗಪ್ಪಂದು. ಗುರ್ತು ಮುಚ್ಚೋದು ಕುರಿಗಳ್ಳರ ಕೆಲಸ ರೀ. ನಂಗ ಬ್ಯಾಡ. ಎಲ್ಲಿತ್ತೋ ಅಲ್ಲೇ ಇಡ್ರಿ."

"ಯುಗಾದಿಗೆ ತಿರುಗಿ ಇಡತೀನಿ, ಮಾರಾಯ. ತೂತು ಕಂಡ್ರ ನನ್ನ ಹೇಣ್ತಿ ನಗತಾಳ."

ಖಾಸಿಂ ಸಾಬ ಅಂಗಡಿಯ ಹಲಗೆ ಎಳೆದುಕೊಂಡ. ವಿರೂಪಣ್ಣನಿಗೆ ಹಟ ಹತ್ತಿತು. ಹತ್ತಿ ತುಂಬಿದ ಅಂಡಿಗೆಯ ಬಾಯಿ ಹೊಲಿಯುವ ದಬ್ಬಣ ತಂದು ಎರಡು ಕಂಬಳಿಯ ಕಚ್ಚನ್ನೂ ತಾನೇ ಹೊಲಿದ. ಒಂದನ್ನು ಸಂಜೆಯ ಹತ್ತಿ ಲಾರಿಯಲ್ಲಿ ಬಂಡೆಮ್ಮನಿಗೆ ಕಳಿಸಿದ. ಇನ್ನೊಂದನ್ನು ಹೊದ್ದು ಮಲಗಿದ.

ಬೆಳಿಗ್ಗೆ ದಿಂಬು ಒದ್ದೆಯಾಗಿತ್ತು. ರಕ್ತ. ಎಡಗಿವಿಯ ಅಂಚಿನಲ್ಲಿ ಕಚ್ಚು, ಹಕ್ಕಿ ಕೊಕ್ಕು ತೆರೆದ ಹಾಗೆ.

ಇಲಿ ಕಡಿದಿದೆ ಎಂದುಕೊಂಡು ಅರಿಷಿಣ ಮೆತ್ತಿದ. ಮರುದಿನ ಎದ್ದಾಗ ನೆತ್ತಿಯಿಂದ ಕುತ್ತಿಗೆಯವರೆಗೆ ಒಂದು ಪಟ್ಟೆ ಕೂದಲು ಬುಡದವರೆಗೆ ಕತ್ತರಿಸಿಹೋಗಿತ್ತು. ಚರ್ಮ ಅಲ್ಲಲ್ಲಿ ಕಿತ್ತು ಬಂದಿತ್ತು. ಮೂರನೆಯ ದಿನ ಕುತ್ತಿಗೆಯ ಸುತ್ತ ಹಗ್ಗದ ಬಾಸುಂಡೆ. ಎಷ್ಟು ತಿಕ್ಕಿ ಸ್ನಾನ ಮಾಡಿದರೂ ಮೈಯಿಂದ ಕುರಿಯ ಕಮಟು ಹೋಗಲಿಲ್ಲ. ಆಗ ಹೆದರಿದ. ನಿಜಕ್ಕೂ ಹೆದರಿದ. ಹೊಲಿಗೆ ಬಿಚ್ಚಿದ, ಕಂಬಳಿಯನ್ನು ಮೂಲೆಯಲ್ಲೇ ಇಟ್ಟುಬಂದ. ಕಿವಿಯ ಕಚ್ಚು ಹಾಗೇ ಇತ್ತು. ಖಾಸಿಂ ಸಾಬನ ಅಂಗಡಿಗೆ ಓಡಿದ.

ಮುದುಕ ಮಫ್ಲರ್ ಬಿಚ್ಚಿದ. ಎಡಗಿವಿಯ ಜಾಗದಲ್ಲಿ ಬರಿಯ ತೂತು.

"ಹೋದ ವರ್ಷದ ಬಾಡಿಗಿದಾರ ಇಂಥದ್ದೇ ಒಂದು ತಂದಿದ್ದ. ನಾನೇ ರಫೂ ಹಾಕಿದ್ದೆ," ಎಂದ. "ಬಾನಾಮತಿ ರೀ ಇದು. ಒಮ್ಮೆ ಬಂದ ಗುರ್ತು ಹಿಂದಕ್ಕ ಹೋಗಂಗಿಲ್ಲ. ಅಮಾಸಿ ದಿನ ದೀಪ ಹಚ್ಚೋ ಹೊತ್ತಿಗೆ ಮಾಳಿಂಗಪ್ಪ ಹಿಂಡಿನಾಗ ಒಂದು ಕಡೀತಾನ. ಗುರ್ತು ಇದ್ದದ್ದು ಕುರಿ ಆದ್ರೂ ಆದೀತು, ಮನುಷ್ಯಾ ಆದ್ರೂ ಆದೀತು. ನಾವಿಬ್ರೂ ಕಿವಿ ಕೊಟ್ಟು ಉಳಕೊಂಡ್ವಿ."

"ಅಮಾಸಿ ಯಾವಾಗ?"

"ಇವತ್ತ."

ಅಂಗಡಿಯ ಮುಂದೆ ನಾಯಿಗಳು ನಿಂತಿದ್ದವು. ಆ ಓಣಿಯ ಮುದಿ ನಾಯಿಗಳು. ಬೊಗಳಲಿಲ್ಲ. ಎಡಕ್ಕೆರಡು, ಬಲಕ್ಕೆರಡು, ಹಿಂದೊಂದು. ಬಸ್‌ಸ್ಟ್ಯಾಂಡಿನ ಕಡೆ ಹೊರಳಿದರೆ ಮೀನಖಂಡಕ್ಕೆ ಬಾಯಿ ಹಾಕಿದವು. ಸಂದಿಗೆ ನುಗ್ಗಿದರೆ ಅಡ್ಡ ಬಂದವು. ತಪ್ಪಿಸಿಕೊಂಡ ಕುರಿಯನ್ನು ದೊಡ್ಡಿಗೆ ತರುವ ಹಾಗೆ ಅವನನ್ನು ಹಾಡಹಗಲೇ ಬಜಾರಿನ ನಡುವೆ ಹೊಡೆದುಕೊಂಡು ಬಂದವು. ಜನ ನಿಂತು ನೋಡಿದರು. ಯಾರೂ ಕಲ್ಲೆತ್ತಲಿಲ್ಲ.

ಮನೆಯೊಳಗೆ ಬಿದ್ದ. ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಗಂಟೆಯ ಸದ್ದು. ನೂರಾರು ಗೊರಸುಗಳ ಸದ್ದು. ಬಿಸಿ ಉಸಿರು. ಕುತ್ತಿಗೆಯ ಬಾಸುಂಡೆ ಬಿಗಿಯಿತು. ಕಾಣದ ಹಗ್ಗ ಎಳೆಯಿತು. ಹೊಸ್ತಿಲಿಗೆ ಉಗುರು ಊರಿದ. ಉಗುರು ಕಿತ್ತುಬಂತು. ಕೂಗಬೇಕೆಂದು ಬಾಯಿ ತೆರೆದ. ಬಂದದ್ದು ಮನುಷ್ಯರ ಕೂಗಲ್ಲ. ಒಳಗಿನವು ಅದಕ್ಕೆ ಉತ್ತರ ಕೊಟ್ಟವು.

ಕಿಸೆಯಲ್ಲಿ ಅಂಡಿಗೆ ಸೀಳುವ ಚಾಕು. ತೆಗೆದ. ಎಡಗಿವಿ ಹಿಡಿದ. ಕಣ್ಣು ಮುಚ್ಚಿದ. ಕೊಯ್ದ. ಒಂದೇ ಏಟಿಗೆ ಆಗಲಿಲ್ಲ. ಎರಡು. ಮೂರು. ಮೃದ್ವಸ್ಥಿ ಕರಕರ ಎಂದಿತು. ಬಿಸಿ ರಕ್ತ ಅಂಗಿಯೊಳಗೆ ಇಳಿಯಿತು. ಕೈಗೆ ಬಂದದ್ದನ್ನು ಕತ್ತಲೆಗೆ ಎಸೆದ.

ಹಗ್ಗ ಸಡಿಲಾಯಿತು. ಗಂಟೆ ನಿಂತಿತು.

ಬದುಕಿದೆ ಎಂದು ಅತ್ತ. ಅಳುತ್ತಲೇ ಕಡ್ಡಿ ಗೀರಿ ತಲೆ ಎತ್ತಿದಾಗ ತೊಲೆಯ ಹೋಳುಗಳು ಕಂಡವು. ಎರಡಿದ್ದವು ಮೂರಾಗಿದ್ದವು. ಮೂರನೆಯದು ಇನ್ನೂ ತೊಟ್ಟಿಕ್ಕುತ್ತಿತ್ತು. ನೋಟ ಜಾರಿ ಮೂಲೆಗೆ ಬಿತ್ತು. ಅಲ್ಲಿ ಒಂದೇ ಕಂಬಳಿ ಇತ್ತು.

ಇನ್ನೊಂದು ಬಂಡೆಮ್ಮನ ಹತ್ತಿರ.

ತಲೆಗೆ ಟವೆಲ್ ಸುತ್ತಿಕೊಂಡು ಓಡಿದ. ಈಗ ನಾಯಿಗಳು ಅವನತ್ತ ತಿರುಗಿಯೂ ನೋಡಲಿಲ್ಲ. ರಾಯಚೂರಿನ ಬಸ್ಸು ದಾರಿಯಲ್ಲಿ ಒಮ್ಮೆ ಕೆಟ್ಟು ನಿಂತಿತು. ಅವನು ಕಂಡಕ್ಟರನ ಕಾಲು ಹಿಡಿದ. ಹೊತ್ತು ಬಿಸಿಲಿನಿಂದ ಕೆಂಪಿಗೆ, ಕೆಂಪಿನಿಂದ ಬೂದಿಗೆ ತಿರುಗುತ್ತಿತ್ತು. ಕೋಟೆಯ ಹಿಂದಿನ ಓಣಿ ಮುಟ್ಟಿದಾಗ ಮನೆಮನೆಗಳಲ್ಲಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು.

ಬಂಡೆಮ್ಮ ಕಂಬಳಿ ಹೊದ್ದೇ ಬಾಗಿಲು ತೆಗೆದಳು. ಮುಖ ಅರಳಿತು. ಟವೆಲ್ ಮೇಲಿನ ರಕ್ತ ಕಂಡು ಬಾಡಿತು.

"ಯವ್ವಾ! ಏನಾತ್ರೀ? ಯಾರು ಹೊಡದ್ರು?"

"ಕಂಬಳಿ... ಯಾವಾಗಿಂದ ಹೊದೆಯಾಕತ್ತೀ?"

"ಹಬ್ಬಕ್ಕ ತೆಗೀಬೇಕಂತ ಇಟ್ಟಿದ್ದೆ. ನಿನ್ನಿ ಚಳಿ ತಡೀಲಿಲ್ಲ, ಹೊದ್ದೆ. ಭಾಳ ಬೆಚ್ಚಗ ಅದ ರೀ." ಅವಳು ನಾಚಿಕೊಂಡು ಸೆರಗು ಸರಿಸಿದಳು. "ಆದ್ರ ಈ ಮನ್ಯಾಗ ಇಲಿ ಆಗ್ಯಾವ ನೋಡ್ರಿ. ಮಲಗಿದಾಗ ಕಿವಿ ಕಡದಾವ."

ಅವನು ಕೊಡಿಸಿದ ಬೆಂಡೋಲೆಯ ಮೇಲೆ, ಕಿವಿಯ ಅಂಚಿನಲ್ಲಿ, ಕಚ್ಚು.

ಪಕ್ಕದ ಮನೆಯಲ್ಲಿ ದೀಪ ಹತ್ತಿತು. ಓಣಿಯ ತುದಿಯಲ್ಲಿ ನಾಯಿಯೊಂದು ಬೊಗಳಿತು, ಆಮೇಲೆ ಇನ್ನೊಂದು. ಬಂಡೆಮ್ಮ ಏನೋ ಬಿಗಿದಂತೆ ಕುತ್ತಿಗೆಗೆ ಕೈ ಹಾಕಿಕೊಂಡಳು.

ವಿರೂಪಣ್ಣ ಒಳಬಂದು ಅಗುಳಿ ಹಾಕಿದ. ಕಿಸೆಯಿಂದ ಚಾಕು ತೆಗೆದ.

"ಬಂಡೀ, ಇಲ್ಲಿ ಕೂಡು," ಎಂದ. "ನನ್ನ ಮ್ಯಾಲ ನಂಬಿಕಿ ಅದ ಹೌದಿಲ್ಲೋ?"

ಅವಳು ಚಾಕು ನೋಡಿ ಹಿಂದೆ ಸರಿದಳು. "ಇಲ್ಲ," ಎನ್ನಲು ಬಾಯಿ ತೆರೆದಳು. ಅವಳ ಬಾಯಿಂದ ಬಂದದ್ದು ಕುರಿಯ ಕೂಗು.