ಕೇಳಿಸಿದರೆ ಗುಂಡಿ ಒತ್ತಿ

“ನೀವು ಹೇಳಿ... ಹೇಗಿತ್ತು?”

ಮೈಕು ನೇರವಾಗಿ ಅವಳ ಮೂಗಿನ ಕೆಳಗೆ ಬಂದು ನಿಂತಿತು. ಮೈಕಿನ ಹಿಂದೆ ಒಂದು ಕೈ, ಕೈಯ ಹಿಂದೆ ಒಂದು ಮುಖ. ಆ ಮುಖದಲ್ಲಿದ್ದ ಕಣ್ಣುಗಳೋ, ಎದುರಿಗಿದ್ದವರು ತಮ್ಮ ಹೆಸರನ್ನೇ ಮರೆತುಬಿಡುವಂಥವು!

ಅವಳೂ ಮರೆತಳು. ಹೆಸರು ನೆನಪಿತ್ತು, ಮರೆತದ್ದು ಅದಕ್ಕಿಂತ ಮುಖ್ಯವಾದ ಇನ್ನೊಂದನ್ನು.

ತಲೆಯ ಮೇಲೆ ಸಂಗೀತೋತ್ಸವ ಗುಡುಗುತ್ತಿತ್ತು. ಮೇಲೆ ಮೈದಾನದಲ್ಲಿ ದೊಡ್ಡ ವೇದಿಕೆ, ದೊಡ್ಡ ಹೆಸರು, ದೊಡ್ಡ ಸದ್ದು. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಯಲ್ಲಿ. ಹೆಸರಾಗದ ಬ್ಯಾಂಡುಗಳಿಗೆಲ್ಲ ಕೆಳಗೆ, ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ ಜಾಗ. ‘ಅಂಡರ್‌ಗ್ರೌಂಡ್ ಬ್ಯಾಂಡ್’ ಅಂದರೆ ಏನೋ ಭಯಂಕರ ಇರಬೇಕು ಅಂದುಕೊಂಡಿದ್ದಳು ಅವಳು. ನೋಡಿದರೆ ಪಾಪ, ನಿಜವಾಗಿಯೂ ನೆಲದ ಕೆಳಗಿದ್ದರು. ‘ಇಲ್ಲಿ ನಿಲ್ಲಿಸಬೇಡಿ’ ಎಂದು ಬರೆದ ಕಂಬದ ಪಕ್ಕದಲ್ಲೇ ನಿಂತು ಹಾಡುತ್ತಿದ್ದರು!

ಅಕ್ಕನ ಕಾಟಕ್ಕೆ ಉತ್ಸವಕ್ಕೆ ಬಂದವಳು ಅವಳು. ಮೇಲಿನ ಬಿಸಿಲು ತಾಳಲಾರದೆ ಇಬ್ಬರೂ ಕೆಳಗಿಳಿದಿದ್ದರು. ಅಕ್ಕ ನೀರಿನ ಸಾಲಿಗೆ ಹೋದಾಗ ಇವಳು ಸುಮ್ಮನೆ ಮುಂದೆ ಬಂದು ನಿಂತಳು. ಬ್ಯಾಂಡಿನ ಹೆಸರು ‘ಸದ್ದು ಮಾಡಬೇಡಿ’.

ನೆಲಮಾಳಿಗೆಗೆ ಒಂದು ಪದ್ಧತಿಯಿತ್ತು. ಚಪ್ಪಾಳೆ ತಟ್ಟಿದರೆ ಗೋಡೆಗೋಡೆಗೆ ಬಡಿದು ಕಿವಿ ಗುಂಯ್ ಅನ್ನುತ್ತದೆಂದು ಅಲ್ಲಿ ಯಾರೂ ತಟ್ಟುತ್ತಿರಲಿಲ್ಲ. ಹಾಡು ಮುಗಿದ ಮೇಲೆ ಹಾಡಿದವರೇ ಕೆಳಗಿಳಿದು ಕೇಳುಗರಲ್ಲಿ ಒಬ್ಬರಿಗೆ ಮೈಕು ಕೊಡುತ್ತಿದ್ದರು. ಆ ಒಬ್ಬರು ಹೇಳಿದ್ದೇ ಎಲ್ಲರ ಚಪ್ಪಾಳೆ. ಜನ ಯಾವ ಬ್ಯಾಂಡಿನ ಮುಂದೆ ಕದಲದೆ ನಿಲ್ಲುತ್ತಾರೋ, ಅದಕ್ಕೆ ಮುಂದಿನ ಭಾನುವಾರ ಮೇಲಿನ ದೊಡ್ಡ ವೇದಿಕೆ.

ಈಗ ಆ ಮೈಕು ಅವಳ ಮೂಗಿನ ಕೆಳಗೆ.

“ನಿಜ ಹೇಳ್ಲಾ?” ಅಂದಳು.

“ನಿಜಾನೇ ಹೇಳಿ,” ಅಂದ ಅವನು, ಅವಳ ಕಿವಿಯ ಹತ್ತಿರವೇ ಬಾಗಿ.

“ನಂಗೇನೂ ಕೇಳಿಸ್ಲೇ ಇಲ್ಲ! ನೀವು ಬರೀ ತುಟಿ ಆಡಿಸ್ತಾ ಇದ್ರಿ... ಗಾಜಿನ ತೊಟ್ಟೀಲಿ ಮೀನು ಆಡಿಸತ್ತಲ್ಲ, ಹಾಗೆ!”

ಹಿಂದಿನಿಂದ ಒಬ್ಬ ಕಿಸಕ್ಕೆಂದ. ಇನ್ನೊಬ್ಬ ಗೊಳ್ಳೆಂದ. ಇಡೀ ನೆಲಮಾಳಿಗೆ ನಕ್ಕಿತು.

ಜನ ನಕ್ಕಾಗ ಅವಳಿಗೆ ಖುಷಿಯಾಯಿತು. ಹೌದು, ಖುಷಿಯಾಯಿತು! ಆಮೇಲೆ ವಾರವಿಡೀ ಅವಳನ್ನು ಸುಟ್ಟಿದ್ದು ಆ ಖುಷಿಯೇ.

ಗಾಯಕ ಮಾತ್ರ ನಗಲಿಲ್ಲ.

“ಸರಿ... ಥ್ಯಾಂಕ್ಸ್,” ಅಂದ. ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬ್ಯಾಗು ಎತ್ತಿಕೊಂಡು ಕಂಬದ ಹಿಂದೆ ಹೋದ. ಜನ ಒಬ್ಬೊಬ್ಬರಾಗಿ ಪಕ್ಕದ ಬ್ಯಾಂಡಿನತ್ತ ಸರಿದರು.

ಅಷ್ಟರಲ್ಲಿ ನೀರಿನ ಬಾಟಲಿ ಹಿಡಿದು ಬಂದ ಅಕ್ಕ ಅವಳ ಭುಜಕ್ಕೆ ಒಂದು ಬಿಟ್ಟಳು.

“ಆವಾಗ್ಲಿಂದ ಕರೀತಾ ಇದೀನಿ, ಕೇಳಿಸ್ತಿಲ್ವೇನೇ? ... ಅಯ್ಯೋ! ಇನ್ನೂ ಇದನ್ನ ಹಾಕ್ಕೊಂಡೇ ಇದೀಯಾ?”

ಅಕ್ಕ ಅವಳ ಕೂದಲು ಸರಿಸಿ ಎರಡೂ ಕಿವಿಯಿಂದ ಇಯರ್‌ಪ್ಲಗ್ ಕಿತ್ತಳು.

ಲೋಕ ದಡಕ್ಕನೆ ಒಳಗೆ ನುಗ್ಗಿತು. ಫ್ಯಾನಿನ ಗಿರಗಿರ, ಚಪ್ಪಲಿಗಳ ಸರಸರ, ಯಾರದೋ ಕೆಮ್ಮು... ಮತ್ತೆ, ಬೆನ್ನ ಹಿಂದೆಯೇ ಕಣ್ಣೊರೆಸಿಕೊಳ್ಳುತ್ತ ಹೆಂಡತಿಗೆ ಹೇಳುತ್ತಿದ್ದ ಒಬ್ಬ ಹಿರಿಯರ ದನಿ: “ಎಂಥಾ ಹಾಡು ಕಣೇ... ಆ ಹುಡುಗಿಗೇನು ಕಿವಿ ಇಲ್ವಾ?”

ಕಿವಿ ಇತ್ತು. ಕಿವಿಯೇ ಅವಳ ಕಸುಬು!

ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಶ್ರವಣ ಪರೀಕ್ಷೆ ಮಾಡುವವಳು ಅವಳು. ಕಿವಿಯ ಅಚ್ಚು ತೆಗೆದು, ಅಳತೆಗೆ ತಕ್ಕಂತೆ ಮೆತ್ತನೆಯ ಇಯರ್‌ಪ್ಲಗ್ ಮಾಡಿಸಿಕೊಡುವವಳು. ಬಂದವರಿಗೆಲ್ಲ ಬಾಯಿಪಾಠದಂತೆ ಒಂದು ಮಾತು ಹೇಳುತ್ತಿದ್ದಳು: “ಹಾಕ್ಕೊಂಡಿದ್ದೇ ಮರ್ತು ಹೋಗತ್ತೆ, ನೋಡಿ!”

ಮರೆತೇಹೋಗಿತ್ತು. ಮೇಲಿನ ಗದ್ದಲಕ್ಕೆಂದು ಹಾಕಿಕೊಂಡವಳು, ಕೆಳಗೆ ಪಿಸುದನಿಯ ಹಾಡಿಗೆ ತೀರ್ಪು ಕೊಟ್ಟುಬಿಟ್ಟಿದ್ದಳು.

ಇಂಥ ಹೊತ್ತಿನಲ್ಲಿ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತದಲ್ಲ? ಅವಳಿಗೆ ಆ ಸೌಲಭ್ಯವೂ ಇರಲಿಲ್ಲ. ಆಗಲೇ ಭೂಮಿಯ ಒಳಗಿದ್ದಳು!

‘ಹೋಗಿ ಹೇಳು. ಈಗಲೇ ಹೇಳು.’ ಕಂಬದವರೆಗೂ ಹೋದಳು. ಅಲ್ಲಿ ಡ್ರಮ್ಮಿನ ಮೇಲೆ ಮೊಣಕೈಯೂರಿ ಬ್ಯಾಂಡಿನ ಡ್ರಮ್ಮರ್ ಕೂತಿದ್ದಳು. ಹಗಲು ಶಾಲೆಯ ವ್ಯಾನು ಓಡಿಸುವ ಗಟ್ಟಿ ಹೆಂಗಸು; ಎಲ್ಲರಿಗೂ ವ್ಯಾನಕ್ಕ.

“ಏನಮ್ಮ? ಇನ್ನೇನಾದ್ರೂ ಹೇಳೋದು ಬಾಕಿ ಇದ್ಯಾ?”

ಅವಳು ಕಂಬದ ಮೇಲಿನ ಬರಹ ಓದುವಂತೆ ನಟಿಸಿದಳು.

“ಇಲ್ಲ... ಟಾಯ್ಲೆಟ್ ಎಲ್ಲಿದೆ?”

*

ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಅವನ ಮುಖ, ಇವಳ ದನಿ. ಮರುದಿನಕ್ಕೆ ಅವನು ಊರಿಗೆಲ್ಲ ‘ಮೀನು ಗಾಯಕ’.

“ನೋಡೇ, ನೋಡೇ!” ಕ್ಲಿನಿಕ್ಕಿನ ಡಾಕ್ಟ್ರಮ್ಮ ಫೋನು ತಂದು ತೋರಿಸಿದರು. “ಈ ಹುಡುಗಿ ದನಿ ಥೇಟ್ ನಿಂದೇ!”

“ನಂದು ಇಷ್ಟು ಕೀರಲಾ ಡಾಕ್ಟ್ರಮ್ಮ?”

“ಹ್ಞೂಂ,” ಅಂದರು ಡಾಕ್ಟ್ರಮ್ಮ, ಎಳ್ಳಷ್ಟೂ ಯೋಚಿಸದೆ.

ವಾರದ ನಡುವೆ ಕ್ಲಿನಿಕ್ಕಿನ ಬಾಗಿಲು ತೆರೆಯಿತು. ಒಳಗೆ ಬಂದವನನ್ನು ನೋಡಿ ಅವಳ ಕೈಯಲ್ಲಿದ್ದ ಹತ್ತಿ ಉಂಡೆ ನೆಲಕ್ಕೆ ಬಿತ್ತು.

ಅವನೇ!

“ಓ... ನೀವಾ!” ಅವನೂ ಗುರುತು ಹಿಡಿದ. ಸಿಟ್ಟಾಗಬೇಕಿತ್ತು. ಆಗಲಿಲ್ಲ. ಅವನ ಮುಖದಲ್ಲಿ ಏನೋ ನೆಮ್ಮದಿ! “ನೀವು ಕಿವಿ ನೋಡೋರಾ? ಒಳ್ಳೇದಾಯ್ತು ಬಿಡಿ. ತಿಳ್ಕೊಂಡೋರೇ ಹೇಳಿದಾರೆ ಅಂತಾಯ್ತು.”

ಅವಳು ಬಗ್ಗಿ ಹತ್ತಿ ಉಂಡೆ ಹೆಕ್ಕಿಕೊಂಡಳು.

“ನಾನು ಲೈಬ್ರರೀಲಿ ಕೆಲ್ಸ ಮಾಡೋದು. ಮೆತ್ತಗೆ ಮಾತಾಡೋಕೇ ಸಂಬಳ. ನಂಗೆ ನನ್ನ ದನಿ ಚೆನ್ನಾಗೇ ಕೇಳಿಸತ್ತೆ ರೀ... ಬೇರೆಯವ್ರಿಗೆ ಕೇಳಿಸ್ತಿಲ್ಲ ಅಂದ್ರೆ ನನ್ನ ಕಿವೀಲೇ ಏನೋ ಇರ್ಬೇಕು, ಅಲ್ವಾ? ಒಂದ್ಸಲ ನೋಡಿಬಿಡಿ.”

ಇವಳು ಕೊಟ್ಟ ತೀರ್ಪನ್ನು ಅವನು ಜೋಪಾನವಾಗಿ ಹೊತ್ತು ತಂದಿದ್ದ. ಅದೂ ಇವಳ ಹತ್ತಿರಕ್ಕೇ!

ಸದ್ದು ನುಗ್ಗದ ಪುಟ್ಟ ಕೋಣೆಯಲ್ಲಿ ಅವನನ್ನು ಕೂರಿಸಿದಳು. ತಲೆಗೆ ಹೆಡ್‌ಫೋನು, ಕೈಗೆ ಗುಂಡಿ. ಗಾಜಿನ ಈಚೆ ತಾನು ಕೂತು ಮೈಕಿನಲ್ಲಿ ಹೇಳಿದಳು:

“ಎಷ್ಟು ಸಣ್ಣ ಸದ್ದಾದ್ರೂ ಪರವಾಗಿಲ್ಲ. ಕೇಳಿಸಿದ್ರೆ ಗುಂಡಿ ಒತ್ತಿ.”

ಪ್ರತಿ ಸದ್ದಿಗೂ ಅವಳ ಮುಂದಿನ ಹಸಿರು ದೀಪ ಹೊತ್ತಿತು. ಸದ್ದು ಇಳಿಸಿದಳು, ಹೊತ್ತಿತು. ಇನ್ನೂ ಇಳಿಸಿದಳು, ಹೊತ್ತಿತು. ಕಣ್ಣು ಮುಚ್ಚಿ, ಪಾಠ ಒಪ್ಪಿಸುವ ಮಗುವಿನಂತೆ ಗಂಭೀರವಾಗಿ ಕೂತಿದ್ದ ಅವನು.

‘ಈಗ ಹೇಳು. ಮೈಕು ಕೈಯಲ್ಲೇ ಇದೆ. ಅವನ ಕಣ್ಣೂ ಮುಚ್ಚಿದೆ...’

ಎದುರಿನ ಗೋಡೆಯ ಮೇಲೆ ತಾನೇ ಅಂಟಿಸಿದ್ದ ಜಾಹೀರಾತು ನಗುತ್ತಿತ್ತು: ‘ಹಾಕಿಕೊಂಡದ್ದೇ ಮರೆತುಹೋಗುತ್ತದೆ!’ ಬಾಗಿಲಲ್ಲಿ ಡಾಕ್ಟ್ರಮ್ಮ ನಿಂತಿದ್ದರು.

ಅವನು ಹೊರಗೆ ಬಂದ.

“ನಿಮ್ಮ ಕಿವಿ... ತುಂಬಾ ಚೆನ್ನಾಗಿದೆ,” ಅಂದಳು.

ಅವನ ಮುಖದ ನೆಮ್ಮದಿ ಮೆಲ್ಲಗೆ ಇಳಿಯಿತು.

“ಹಾಗಾದ್ರೆ ಕಿವಿ ಅಲ್ಲ. ದನೀನೇ ಸರಿಯಿಲ್ಲ.” ನಗಲು ನೋಡಿದ. “ಹೋಗ್ಲಿ, ಗೊತ್ತಾಯ್ತಲ್ಲ. ಭಾನುವಾರದಿಂದ ನಾನು ಬರೀ ಗಿಟಾರು ಹಿಡಿತೀನಿ. ಹಾಡೋದು ಸಾಕು.”

“ಅಲ್ಲ, ಅದು... ನೀವು...”

“ಹೇಳಿ?”

“...ನೀರು ಜಾಸ್ತಿ ಕುಡೀರಿ.”

ಅವನು ಹೋದ ಮೇಲೆ ಅದೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಒಂದು ಅನುಕೂಲ, ಅಲ್ಲಿ ಎಷ್ಟು ಜೋರಾಗಿ ಅತ್ತರೂ ಹೊರಗೆ ಕೇಳಿಸುವುದಿಲ್ಲ. ಛೀ! ನೀರಂತೆ, ನೀರು!

ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತ ಎಲ್ಲ ಕೇಳಿಸಿಕೊಂಡಳು.

“ಹೇಳ್ಬಿಡೇ, ಮಂಕೇ.”

“ಏನಂತ ಹೇಳ್ಲಿ? ಕಿವಿ ನೋಡೋಳು ಕಿವಿಗೆ ಬಿರಡೆ ಜಡ್ಕೊಂಡು ಹಾಡು ಚೆನ್ನಾಗಿಲ್ಲ ಅಂದ್ಳು ಅಂತಾನಾ?”

“ಹ್ಞೂಂ, ಹಾಗೇ ಹೇಳು. ಕೇಳೋಕೆ ಮಜಾ ಇದೆ.”

“ಅಕ್ಕಾ! ನನ್ನ ಮಾನ ಹೋಗ್ತಿದೆ, ನಿಂಗೆ ತಮಾಷೆ!”

ಅಕ್ಕ ದಿಂಬಿನ ಕವರು ಕೆಳಗಿಟ್ಟು ಅವಳನ್ನೇ ನೋಡಿದಳು.

“ನಮ್ಗೆ ಬೇಕಾಗಿಲ್ದೋರ ಮುಂದೆ ಇಷ್ಟೊಂದು ಮಾನ ಹೋಗಲ್ಲ ಕಣೇ...”

ಅವಳು ಆ ದಿಂಬಿನ ಕವರಿನಲ್ಲೇ ಮುಖ ಮುಚ್ಚಿಕೊಂಡಳು.

*

ಭಾನುವಾರ. ನೆಲಮಾಳಿಗೆ ಕಿಕ್ಕಿರಿದಿತ್ತು. ‘ಸದ್ದು ಮಾಡಬೇಡಿ’ ಬ್ಯಾಂಡು ಹಾಡಿಲ್ಲದೆ ಬರೀ ವಾದ್ಯ ನುಡಿಸಿತು. ಅವನು ಹಿಂದೆ, ಕಂಬದ ನೆರಳಿನಲ್ಲಿ ಗಿಟಾರು ಹಿಡಿದು ನಿಂತಿದ್ದ. ಮೈಕು ಹಿಡಿದು ಕೆಳಗಿಳಿದವಳು ವ್ಯಾನಕ್ಕ.

ಗುಂಪಿನ ನಡುವಿನಿಂದ ಇವಳು ಕೈಯೆತ್ತಿದಳು.

“ನೀನಾ? ಮತ್ತೆ ನೀನಾ?” ವ್ಯಾನಕ್ಕನ ಹುಬ್ಬು ಗಂಟಾಯಿತು. “ಇವತ್ತು ಯಾರು, ಕಪ್ಪೆನಾ ಆಮೆನಾ?”

“ಕೊಡಿ ಅಕ್ಕ... ಒಂದೇ ಒಂದ್ಸಲ.”

ಮೈಕು ಕೈಗೆ ಬಂತು. ಅವಳು ಬಾಯಿ ತೆರೆದದ್ದೇ ತಡ, ಗುಂಪಿನಲ್ಲಿ ಯಾರೋ ಕೂಗಿದರು: “ಲೋ, ಮೀನು ಅಂದಿದ್ಲಲ್ಲ, ಅದೇ ದನಿ ಕಣೋ!”

“ಹೌದು, ನಾನೇ,” ಅಂದಳು. ಇನ್ನೊಂದು ಕೈಯಲ್ಲಿ ಇಯರ್‌ಪ್ಲಗ್‌ಗಳನ್ನು ಎತ್ತಿ ಹಿಡಿದಳು. “ಆವತ್ತು ಇವು ನನ್ನ ಕಿವೀಲಿದ್ವು. ತೆಗ್ಯೋದು ಮರ್ತಿದ್ದೆ. ಹಾಡು ನಿಮ್ಗೆಲ್ಲ ಕೇಳಿಸಿತ್ತು. ನಂಗೊಬ್ಳಿಗೇ ಕೇಳಿಸಿರ್ಲಿಲ್ಲ.”

ನೆಲಮಾಳಿಗೆ ಘೊಳ್ಳೆಂದಿತು.

“ನಗಿ... ನಾನು ಕಿವಿ ಪರೀಕ್ಷೆ ಮಾಡೋಳು ಬೇರೆ.”

ಇನ್ನೂ ಜೋರಾಗಿ ನಕ್ಕರು. ಅವಳ ಕಿವಿ, ಕೆನ್ನೆ, ಕತ್ತು ಎಲ್ಲ ಉರಿಯುತ್ತಿದ್ದವು. ಮಾತು ಮಾತ್ರ ನಿಲ್ಲಿಸಲಿಲ್ಲ.

“ಹೋದ ಸಲ ನೀವು ನಕ್ಕಾಗ ನಂಗೆ ಖುಷಿಯಾಗಿತ್ತು. ನಂಗೆ ಜಾಸ್ತಿ ನಾಚಿಕೆ ಆಗಿರೋದು ಅದಕ್ಕೇ. ಆಮೇಲೆ ಅವ್ರು ನನ್ನ ಹತ್ರಾನೇ ಕಿವಿ ತೋರಿಸ್ಕೊಳ್ಳೋಕೆ ಬಂದ್ರು. ಆಗಾದ್ರೂ ಹೇಳ್ಬೋದಿತ್ತು. ನಾನು... ನೀರು ಕುಡೀರಿ ಅಂದೆ.”

ಈ ಸಲ ಯಾರೂ ನಗಲಿಲ್ಲ.

ಅವಳು ಕಂಬದ ಕಡೆ ತಿರುಗಿದಳು. “ಹಾಡಿ ಅಂತ ಕೇಳೋ ಮುಖ ನಂಗಿಲ್ಲ. ನಿಮ್ಮ ದನೀಲಿ ಏನೂ ತಪ್ಪಿಲ್ಲ. ಅಷ್ಟು ಹೇಳೋಕೇ ಬಂದೆ.”

ಅವನು ಗಿಟಾರು ಕೆಳಗಿಟ್ಟ. ‘ಹೊರಟೇಬಿಟ್ಟ...’ ಅಂದುಕೊಂಡಳು. ಹೋಗಲಿಲ್ಲ. ಮುಂದೆ ಬಂದು ವೇದಿಕೆಯ ಅಂಚಿನಲ್ಲಿ ಕೂತ. ಮೈಕು ಇಲ್ಲದೆ, ತನ್ನ ಲೈಬ್ರರಿಯ ದನಿಯಲ್ಲೇ ಹಾಡಿದ:

‘ಯಾರೋ ಮರೆತ ಬಸ್ಸು ಟಿಕೆಟ್ಟು ಪುಟದ ನಡುವೆ ಕೂತಿದೆ,
ಎಲ್ಲಿಗೆ ಹೋಗಬೇಕಿತ್ತೋ ಅವರು, ಕಥೆ ಇಲ್ಲೇ ನಿಂತಿದೆ...’

ಕೊನೆಯ ಸಾಲಿನವರೆಗೂ ಕೇಳಿಸಿತು. ಯಾಕೆಂದರೆ ಅಷ್ಟೂ ಜನ ಉಸಿರು ಬಿಗಿಹಿಡಿದಿದ್ದರು. ಬರಿಗಿವಿಯಲ್ಲಿ ನಿಂತಿದ್ದ ಅವಳಿಗೆ, ಇಷ್ಟು ದಿನ ತಾನು ಸದ್ದನ್ನು ಅಳೆದಿದ್ದೆನೇ ಹೊರತು ಕೇಳಿರಲಿಲ್ಲ ಅನ್ನಿಸಿತು.

ದೊಡ್ಡ ವೇದಿಕೆ ಆಗಲೇ ಬೇರೆ ಬ್ಯಾಂಡಿನ ಪಾಲಾಗಿತ್ತು. ಅದನ್ನು ವಾಪಸ್ಸು ಕೊಡಿಸಲು ಅವಳಿಂದಾಗುತ್ತಿರಲಿಲ್ಲ. ಹಾಡು ಮುಗಿದಾಗ ಅವನು ಅವಳತ್ತ ಒಮ್ಮೆ ನೋಡಿದ, ಅಷ್ಟೇ. ಗಿಟಾರು ಹೆಗಲಿಗೇರಿಸಿ ಹೋದ.

*

ಮರುದಿನ ಕ್ಲಿನಿಕ್ಕಿನಲ್ಲಿ ಡಾಕ್ಟ್ರಮ್ಮ ಕರೆದರು. ಮುಖದ ತುಂಬ ತುಂಟ ನಗು.

“ಬಾರೇ, ಒಂದು ಕಿವಿ ಪರೀಕ್ಷೆ ಇದೆ.”

“ಪೇಷಂಟ್ ಯಾರು ಡಾಕ್ಟ್ರಮ್ಮ?”

“ನೀನಂತೆ!”

ಗಾಜಿನ ಈಚೆ, ಅವಳ ಕುರ್ಚಿಯಲ್ಲಿ, ಅವನು ಕೂತಿದ್ದ. ಡಾಕ್ಟ್ರಮ್ಮನೇ ಅವಳನ್ನು ಕೋಣೆಗೆ ದೂಡಿ, ತಲೆಗೆ ಹೆಡ್‌ಫೋನು ಹಾಕಿ, ಕೈಗೆ ಗುಂಡಿ ಕೊಟ್ಟು, ಅವನಿಗೆ ಸದ್ದಿನ ತಿರುಪು ತೋರಿಸಿ ಹೊರಗೆ ಹೋದರು.

ಕಿವಿಯೊಳಗೆ ಅವನ ದನಿ ಬಂತು. “ಕೇಳಿಸಿದ್ರೆ ಗುಂಡಿ ಒತ್ತಿ... ನಂಗೆ ತುಂಬಾ ಸಿಟ್ಟು ಬಂದಿತ್ತು.”

ಒತ್ತಿದಳು. ದೀಪ ಹೊತ್ತಿತು.

“ಇನ್ನೂ ಸ್ವಲ್ಪ ಇದೆ.”

ತಲೆತಗ್ಗಿಸಿ ಒತ್ತಿದಳು.

“ನಿನ್ನೆ ಹಾಡು ಮುಗಿದಾಗ ಎಲ್ರೂ ಗಪ್‌ಚಿಪ್. ಆಗ ಯಾರೋ ಅಳ್ತಾ ಮೂಗು ಸೀಟಿದ್ರು. ಇಡೀ ನೆಲಮಾಳಿಗೆಗೆ ಕೇಳಿಸ್ತು. ಮೈಕು ನಿಮ್ಮ ಕೈಲೇ ಇತ್ತು ಕಣ್ರೀ!”

ಅಯ್ಯೋ ದೇವರೇ! ಗುಂಡಿಯನ್ನು ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

“ಒತ್ಲಿಲ್ಲ... ಕೇಳಿಸ್ಲಿಲ್ವಾ?”

ಬೆರಳ ಸಂದಿಯಿಂದ ನೋಡುತ್ತ ಒತ್ತಿದಳು.

“ನನ್ನ ಹಾಡಿಗೆ ಅಂಥ ಚಪ್ಪಾಳೆ ಯಾವತ್ತೂ ಬಿದ್ದಿರ್ಲಿಲ್ಲ,” ಅಂದ ಅವನು. ತಿರುಪನ್ನು ಪೂರ್ತಿ ಕೆಳಗಿಳಿಸಿದ. ಹೆಡ್‌ಫೋನಿನಲ್ಲಿ ಬರೀ ನಿಶ್ಶಬ್ದ.

ಗಾಜಿನಾಚೆ ಅವನ ತುಟಿ ಆಡಿತು. ಮೂರೇ ಪದ. ಮೀನಿನ ಹಾಗೆ.

ಅವಳು ಗುಂಡಿ ಒತ್ತಿದಳು. ಬಿಡಲೇ ಇಲ್ಲ. ಹಸಿರು ದೀಪ ಉರಿಯುತ್ತಲೇ ಇತ್ತು...

ಅವನು ಬಾಗಿಲು ತೆರೆದು ಒಳಬಂದ.

“ಸುಳ್ಳು ಒತ್ತಿದ್ರಿ! ನಾನು ದನೀನೇ ತೆಗೀಲಿಲ್ಲ. ಬರೀ ತುಟಿ ಆಡಿಸಿದ್ದು.”

ಅವಳು ಹೆಡ್‌ಫೋನು ತೆಗೆದಳು. ಇನ್ನೊಂದು ಕೈ ಇನ್ನೂ ಗುಂಡಿಯ ಮೇಲೇ ಇತ್ತು.

“ಗೊತ್ತು,” ಅಂದಳು. “ಈ ಸಲ ಕೇಳಿಸ್ತು.”