ಒಂದು ಸ್ವರ ಬಿಟ್ಟ ಹಾಡು

ಅವನನ್ನು ಮಣ್ಣು ಮಾಡಿದ್ದು ಶನಿವಾರ. ವಾರವಿಡೀ ಮನೆ ತುಂಬ ಜನ. ಎಂಟನೆಯ ದಿನ ಅತ್ತೆಯೂ ಊರಿಗೆ ಹೊರಟರು. ಮರುದಿನ ಬೆಳಿಗ್ಗೆ ಎಂದಿನಂತೆ ನಲ್ಲಿಯಲ್ಲಿ ನೀರು ಬಂತು. ಹಲ್ಲುಜ್ಜಿದೆ. ಹಾರ್ಮೋನಿಯಂ ಮೇಲೆ ಧೂಳು ಕೂತಿತ್ತು. ಅದು ಕೆಳಮನೆಯ ಸಂಗೀತದ ಟೀಚರ್‌ದು. ಇವತ್ತು ಹಿಂದಿರುಗಿಸಬೇಕು ಅನ್ನಿಸಿತು.

ಅವನದು ಅಂತ ಇದ್ದದ್ದು ಒಂದು ಗಿಟಾರ್ ಮಾತ್ರ. ಉಳಿದದ್ದೆಲ್ಲ ಎರವಲು. ನಮ್ಮ ಪರಿಚಯವೂ ಹಾಗೇ ಆದದ್ದು. ಯೂನಿವರ್ಸಿಟಿ ಕ್ಯಾಂಟೀನಿನಲ್ಲಿ ಯಾರೋ ನನ್ನ ತಟ್ಟೆಯಿಂದ ಚಮಚ ಎತ್ತಿಕೊಂಡು ಹೋದ. ಹಿಂದೆಯೇ ಹೋಗಿ ರೇಗಿದೆ. ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟುತ್ತಿದ್ದ.

“ಇದರ ದನಿ ಚೆನ್ನಾಗಿದೆ. ನಾಳೆ ಕೊಡ್ತೀನಿ.”

“ಅಲ್ಲೀವರೆಗೆ ನಾನೇನು ಮಾಡ್ಲಿ?”

“ನನ್ನದು ತಗೊಳ್ಳಿ. ಪಾಪ, ಅದಕ್ಕೆ ಮಾತು ಬರಲ್ಲ.”

ಆ ಚಮಚ ಮೂರು ವರ್ಷದ ಮೇಲೆ ವಾಪಸ್ ಬಂತು, ಅವನ ಸಮೇತ.

ಅವನ ಹೊಸ ಆಲ್ಬಮ್ಮಿನಲ್ಲಿ ಒಂಬತ್ತು ಹಾಡು. ಜೋಗುಳವೆಂದು ಶುರುವಾದದ್ದು ರಾಕ್ ಆಗುತ್ತದಂತೆ, ಜಾಜ್‌ಗೆ ಹೊಲಿಗೆ ಯಂತ್ರ ತಾಳ ಹಾಕುತ್ತದಂತೆ. ಅಂತೆ ಎನ್ನುವುದು ಯಾಕೆಂದರೆ, ನಾನು ಒಂದನ್ನೂ ಕೇಳಿರಲಿಲ್ಲ. ಕೊನೆಯದು ನಿನಗೋಸ್ಕರ, ಕಂಪನಿಗೆ ಕಳಿಸುವ ಮುಂಚೆ ಒಮ್ಮೆ ಕೇಳು ಎಂದು ಬೆನ್ನು ಬಿದ್ದಿದ್ದ. ನನಗೆ ತಿದ್ದಬೇಕಾದ ಉತ್ತರಪತ್ರಿಕೆಗಳ ರಾಶಿ. ಬುಧವಾರ ಅವನು ಏಳುವ ಮೊದಲೇ ಹಾರ್ಮೋನಿಯಂ ಮೇಲೆ ಚೀಟಿ ಇಟ್ಟು ಕಾಲೇಜಿಗೆ ಹೋದೆ: ‘ಭಾನುವಾರ ಕೇಳ್ತೀನಿ. ಅಲ್ಲೀವರೆಗೆ ಸುಮ್ಮನಿರು.’

ಅವನು ಸುಮ್ಮನಾದ. ಗುರುವಾರವೂ ಆ ಮಾತೆತ್ತಲಿಲ್ಲ. ಮುನಿಸಿರಬೇಕು ಎಂದುಕೊಂಡೆ. ರಮಿಸಲು ಹೋಗಲಿಲ್ಲ. ಶುಕ್ರವಾರ ಅವನ ಸ್ಕೂಟರಿಗೆ ಲಾರಿ ಹೊಡೆಯಿತು.

ಹಾರ್ಮೋನಿಯಂನ ಒಂದು ಕೀ ಮೊದಲಿನಿಂದ ಕೆಟ್ಟಿತ್ತು. ತಿದಿ ಒತ್ತಿದರೆ ಸಾಕು, ಯಾರೂ ಮುಟ್ಟದೆ ತಾನೇ ಕುಂಯ್ ಎನ್ನುತ್ತಿತ್ತು. ಧೂಳು ಒರೆಸುತ್ತ ತಿದಿ ಒತ್ತಿದೆ. ಸದ್ದಿಲ್ಲ. ಆ ಕೀ ಇಳಿಯದಂತೆ ಅದರ ಕೆಳಗೆ ಮಡಿಸಿದ ಕಾಗದ ಸಿಕ್ಕಿಸಿತ್ತು. ಎಳೆದು ಬಿಡಿಸಿದೆ. ನನ್ನ ಅಕ್ಷರ.

ಅದೇ ಮಡಿಕೆಯಲ್ಲಿ ಮಡಿಸಿ ಅಲ್ಲೇ ಸಿಕ್ಕಿಸಿದೆ. ಹೊತ್ತುಕೊಂಡು ಮೆಟ್ಟಿಲಿಳಿದೆ.

ಇಷ್ಟು ಅವಸರ ಏನಿತ್ತಮ್ಮಾ ಎಂದು ಟೀಚರ್ ಬೈದರು. ಕೂತು ತಿದಿ ಒತ್ತಿದರು, ಕಿವಿಗೊಟ್ಟರು, ತಲೆಯಾಡಿಸಿದರು.

“ಬುಧವಾರ ಓಡಿಬಂದ. ನಿಮ್ಮ ಹಾರ್ಮೋನಿಯಂಗೆ ಔಷಧಿ ಸಿಕ್ತು ಟೀಚರ್ ಅಂದ. ಅಲ್ವೋ, ಕೀಗೆ ಕಾಗದ ತುರುಕಿದ್ರೆ ಆ ಸ್ವರ ನುಡಿಸೋದು ಹೇಗೆ ಅಂದೆ. ಪರವಾಗಿಲ್ಲ, ಆ ಸ್ವರ ಬಿಟ್ಟೇ ಕೊನೇ ಹಾಡು ಮತ್ತೆ ಕಟ್ತೀನಿ ಅಂತ ಇಲ್ಲೇ ಕೂತ್ಕೊಂಡು ಗುನುಗಿದ.”

“ಮುನಿಸಿಕೊಂಡಿದ್ನಾ, ಟೀಚರ್?”

“ಯಾರ ಮೇಲೆ? ಭಾನುವಾರ ಕೇಳ್ತಾಳಂತೆ ಅಂತ ಸಿಳ್ಳೆ ಹಾಕ್ಕೊಂಡು ಮೆಟ್ಟಿಲು ಹತ್ತಿದ.”



ರಿಪೇರಿಗೆ ಕೊಡುತ್ತೇನೆ, ಈ ಕಾಗದ ತೆಗೆದುಬಿಡಲೇ ಎಂದು ಅವರು ಬೆರಳು ಚಾಚಿದರು.

“ಬೇಡ. ಅದು ಅಲ್ಲೇ ಇರಲಿ.”

ಟೀಚರ್ ನನ್ನ ಮುಖ ನೋಡಿದರು. ಅವನು ಗುನುಗಿದ್ದ ಆ ಹಾಡು ನುಡಿಸತೊಡಗಿದರು. ಆ ಕೀ ಹತ್ತಿರ ಬಂದಾಗಲೆಲ್ಲ ಅವರ ಬೆರಳು ಅದನ್ನು ದಾಟಿ ಮುಂದೆ ಹೋಗುತ್ತಿತ್ತು. ನಿಂತೇ ಪೂರ್ತಿ ಕೇಳಿದೆ.

ಇವತ್ತೂ ಭಾನುವಾರವೇ. ನಾನು ಹೇಳಿದ್ದು ಇದರ ಹಿಂದಿನದು.